ದೊಡ್ಡಪ್ಪನ ಟೀ, ಬ್ಯಾರನ್ ಆಲೂಗಡ್ಡೆ

ಚೀನಾದಲ್ಲಿ ಅರ್ಲ್ ಗ್ರೇ ಟೀ ಬೇಕಾದ್ರೆ 'ಬೋಜ್ವೆ ಚಾ' ಅಂತ ಕೇಳಬೇಕು. ಬೋಜ್ವೆ ಅಂದ್ರೆ ಅರ್ಲ್. ಅದರಲ್ಲಿರುವ 'ಬೋ' ಅಕ್ಷರಕ್ಕೆ ಇನ್ನೊಂದು ಅರ್ಥ, ಅಪ್ಪನ ಅಣ್ಣ. ಇಂಗ್ಲಿಷಿನ 'ಅಂಕಲ್' ಇಲ್ಲಿ ಕೈಕೊಡುತ್ತೆ, ನಮ್ಮ 'ದೊಡ್ಡಪ್ಪ' ಸರಿಯಾಗಿ ಕೂರುತ್ತೆ!

ಹಳೆಯ ಚೀನಾದ ಝೌ ದೊರೆಗಳ ಕಾಲದಿಂದ ಬಂದವೆಂದು ಹೇಳುವ ಪದವಿಗಳು ಐದು: ಗೊಂಗ್, ಹೌ, ಬೋ, ಝಿ, ನಾನ್. ಕೊನೆಯ ಎರಡಕ್ಕೆ ಮಗ, ಗಂಡಸು ಎಂಬ ಮಾಮೂಲಿ ಅರ್ಥಗಳೂ ಇವೆ. ಇವುಗಳ ಜೊತೆ ಸೇರುವ 'ಜ್ವೆ' ಮೂಲತಃ ಮೂರು ಕಾಲಿನ ಕಂಚಿನ ಮದ್ಯಪಾತ್ರೆಯ ಹೆಸರು. ಬ್ರಿಟನ್ನಿನ 'ಸರ್' ಚೀನೀ ಭಾಷೆಯಲ್ಲಿ 'ಜ್ವೆಶಿ'. ಜಾಝ್ ಸಂಗೀತ ಬಂದಾಗ ಸದ್ದು ಹೋಲುತ್ತದೆಂದು ಅದಕ್ಕೂ ಅದೇ ಅಕ್ಷರಗಳನ್ನು ಅಂಟಿಸಿದರು. ಬಡ ಕಪ್ಪು ಜನರ ಸಂಗೀತಕ್ಕೆ ಸರ್ ಪದವಿ, ತಪ್ಪೇನಿಲ್ಲ ಬಿಡಿ.

1884ರಲ್ಲಿ ಜಪಾನ್ ಯುರೋಪಿನ ಮಾದರಿಯಲ್ಲಿ ಶ್ರೀಮಂತ ಪದವಿಗಳನ್ನು ಹಂಚಿದಾಗ ಹೆಸರುಗಳನ್ನು ಈ ಐದರಿಂದಲೇ ತೆಗೆದುಕೊಂಡಿತು. ಮೊದಲ ದರ್ಜೆ 'ಕೋಶಾಕು', ಎರಡನೆಯದೂ 'ಕೋಶಾಕು'! ಬರೆದರೆ ಬೇರೆ, ಕಿವಿಗೆ ಒಂದೇ. 1947ರ ಸಂವಿಧಾನ ಇದನ್ನೆಲ್ಲ ರದ್ದು ಮಾಡಿತು. ಉಳಿದದ್ದು ಆಲೂಗಡ್ಡೆ. ಕವಾಡಾ ರ್‍ಯೋಕಿಚಿ ಎಂಬ ಬ್ಯಾರನ್ ಹೊಕ್ಕೈಡೋದಲ್ಲಿ ಬೆಳೆಸಿದ ವಿದೇಶಿ ತಳಿಗೆ 'ದಾನ್‌ಶಾಕು', ಅಂದರೆ ಬ್ಯಾರನ್ ಅಂತಲೇ ಹೆಸರು ಬಿತ್ತು. ಇವತ್ತಿಗೂ ಅಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಅದೇ ಹೆಸರಲ್ಲಿ ಸಿಗುತ್ತೆ.

ಕೊರಿಯಾದಲ್ಲಿ ಮಾತ್ರ ಈ ಪದಗಳು ನಗು ತರಿಸುವಂಥವಲ್ಲ. 1910ರಲ್ಲಿ ದೇಶವನ್ನು ನುಂಗಿದ ಜಪಾನ್ ಅಲ್ಲಿನ 76 ಮಂದಿಗೆ ಪದವಿ ಘೋಷಿಸಿತು. ಅತ್ಯುನ್ನತ ದರ್ಜೆ ಒಬ್ಬ ಕೊರಿಯನ್ನನಿಗೂ ಇಲ್ಲ. ಎರಡನೆಯದಾದ 'ಹುಜಾಕ್'ಗೇ ಏಣಿ ಮುಗೀತು. ಕೆಲವರು ಪದವಿ ಬೇಡವೆಂದರು. ತೆಗೆದುಕೊಂಡವರ ಹೆಸರಿಗೆ ಅಂಟಿದ ಕಳಂಕ ಮಕ್ಕಳು ಮೊಮ್ಮಕ್ಕಳವರೆಗೂ ಬಂತು. ವಸಾಹತು ಆಡಳಿತದ ಜೊತೆ ಕೈಜೋಡಿಸಿ ಗಳಿಸಿದ ಆಸ್ತಿಯನ್ನು ವಾರಸುದಾರರಿಂದ ಮುಟ್ಟುಗೋಲು ಹಾಕಿಕೊಳ್ಳಲು ದಕ್ಷಿಣ ಕೊರಿಯಾ 2005ರಲ್ಲಿ ಕಾನೂನನ್ನೇ ತಂದಿತು.

ಈಗ ಅದೇ ಪದಗಳು ವೆಬ್‌ಟೂನ್‌ಗಳಲ್ಲಿ ಮೆರೆಯುತ್ತಿವೆ. ಯುರೋಪಿನಂಥ ಯಾವುದೋ ಕಲ್ಪನಾ ಲೋಕ, ಕಪ್ಪು ಕೋಟಿನ ಡ್ಯೂಕ್, ಮೂತಿ ಸಿಂಡರಿಸಿದ ಹೀರೊ. ಕೊರಿಯನ್ನಿನಲ್ಲಿ ಅವನು 'ಗೊಂಗ್‌ಜಾಕ್'. ನವಿಲಿಗೂ ಅದೇ ಪದ.