ಬೇಸಿಗೆಯಲ್ಲಿ ಆನೆ ಮೈ ತಂಪು ಮಾಡಿಕೊಳ್ಳುವ ಬಗೆ

ಕಾಡಂಚಿನ ಹಳ್ಳಿಗಳಿಗೆ ಬೆಳೆ ನೋಡಲು ಹೋದಾಗ ರೈತರು ಮೊದಲು ಕೇಳುವುದು ಗೊಬ್ಬರದ ಮಾತಲ್ಲ, ಆನೆಯ ಮಾತು. "ಹಗಲೆಲ್ಲ ಕಾಫಿ ತೋಟದ ನೆರಳಲ್ಲಿ ನಿಂತಿರುತ್ತೆ, ಕತ್ತಲಾದ ಮೇಲೆ ಗದ್ದೆಗೆ ಇಳಿಯುತ್ತೆ, ಯಾಕೆ ಸಾರ್?" ಬೇಸಾಯಶಾಸ್ತ್ರದವನಾದ ನನಗೆ ಇದು ಹೊರಗಿನ ವಿಷಯವೇ ಸರಿ. ಆದರೂ 2023ರ ಗಣತಿಯಲ್ಲಿ 6,395 ಆನೆಗಳು ಕಂಡುಬಂದ ರಾಜ್ಯದಲ್ಲಿ ರೈತನು ಇದನ್ನು ತಿಳಿದಿರಬೇಕಾಗುತ್ತದೆ. ರಾತ್ರಿ ಜನಸಂಚಾರವಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಆನೆಯ ಮೈಶಾಖ.

ಮಡಕೆಯಲ್ಲಿರುವ ರಾಗಿ ಹಿಟ್ಟು ಬಹಳ ಹೊತ್ತು ಬಿಸಿಯಾಗಿರುತ್ತದೆ. ಅದನ್ನೇ ಸಣ್ಣ ಮುದ್ದೆಗಳಾಗಿ ಕಟ್ಟಿಟ್ಟರೆ ಬೇಗ ಆರುತ್ತದೆ. ಗಾತ್ರ ಹೆಚ್ಚಿದಂತೆ ಒಳಗಿನ ತೂಕಕ್ಕೆ ಹೋಲಿಸಿದರೆ ಹೊರಮೈ ಕಡಿಮೆಯಾಗುತ್ತದೆ. ಒಂದು ವಸ್ತುವಿನ ಉದ್ದ, ಅಗಲ, ಎತ್ತರ ಎರಡರಷ್ಟಾದರೆ ಹೊರಮೈ 4 ಪಟ್ಟು, ತೂಕ 8 ಪಟ್ಟು ಆಗುತ್ತದೆ. ಟನ್‌ಗಟ್ಟಲೆ ತೂಗುವ ಆನೆಯ ಕಷ್ಟ ಇದೇ. ಜೊತೆಗೆ ದನಗಳಂತೆ ಅದು ಮೈತುಂಬ ಬೆವರುವುದೂ ಇಲ್ಲ. ಬೆವರಿನ ಗ್ರಂಥಿಗಳು ಕಾಲಿನ ಉಗುರುಗಳ ಬಳಿ ಮಾತ್ರ ಇವೆ.

ಹಾಗಾದರೆ ಶಾಖ ಹೋಗುವುದು ಹೇಗೆ? ಕಿವಿಯ ಹಿಂಬದಿಯಲ್ಲಿ ಚರ್ಮ ತೆಳುವಾಗಿದ್ದು ರಕ್ತನಾಳಗಳು ಬಲೆಯಂತೆ ಹರಡಿವೆ. ಸೆಕೆಯಾದಾಗ ಈ ನಾಳಗಳು ಹಿಗ್ಗುತ್ತವೆ. ಕಿವಿ ಬೀಸಿದಾಗ ತಂಪಾದ ರಕ್ತ ಮೈಗೆ ಮರಳುತ್ತದೆ. ನಿಧಾನವಾಗಿ ಒಂದೇ ಸಮನೆ ಕಿವಿ ಬೀಸುತ್ತಿರುವ ಆನೆ ಸಿಟ್ಟಾಗಿದೆ ಎಂದು ಹಲವರು ಭಾವಿಸುತ್ತಾರೆ. ಅದು ಬಹುಮಟ್ಟಿಗೆ ಸೆಕೆಯ ಲಕ್ಷಣ. ಕಿವಿಯನ್ನು ಅಗಲಿಸಿ ಅಲುಗದೆ ಹಿಡಿದು ನಿಮ್ಮ ಕಡೆ ತಿರುಗಿದರೆ ಮಾತು ಬೇರೆ.

ಗಾಳಿಯ ಉಷ್ಣತೆ ಮೈಯ ಉಷ್ಣತೆಯಷ್ಟೇ, ಅಂದರೆ 36 ಡಿಗ್ರಿ ಸೆಲ್ಸಿಯಸ್ ಆಸುಪಾಸು ಏರಿದಾಗ, ಕಿವಿ ಬೀಸಿದರೂ ಹೆಚ್ಚು ಫಲವಿಲ್ಲ. ಆಗ ನೀರು ಆರುವುದರಿಂದಲೇ ತಂಪಾಗಬೇಕು. ಚರ್ಮದ ಮೂಲಕ ಸ್ವಲ್ಪ ನೀರು ತಾನಾಗಿ ಜಿನುಗುತ್ತದೆ, ಉಳಿದುದಕ್ಕೆ ಕೆರೆಯೇ ಗತಿ. ಆಫ್ರಿಕದ ಆನೆಯ ಚರ್ಮದ ಸೂಕ್ಷ್ಮ ಬಿರುಕುಗಳು ನುಣುಪಾದ ಚರ್ಮಕ್ಕಿಂತ 5ರಿಂದ 10 ಪಟ್ಟು ಹೆಚ್ಚು ನೀರು ಹಿಡಿದಿಡುತ್ತವೆಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಮ್ಮ ಎರೆಭೂಮಿಯ ಬಿರುಕು ತೇವ ಕಳೆಯುತ್ತದೆ, ಆನೆಯ ಬಿರುಕು ತೇವ ಉಳಿಸುತ್ತದೆ! ಮೈಗೆ ಮೆತ್ತಿಕೊಂಡ ಕೆಸರು ಬಿಸಿಲನ್ನೂ ತಡೆಯುತ್ತದೆ.

ಇಷ್ಟಾದರೂ ಹಗಲಿನ ಶಾಖವೆಲ್ಲ ಹಗಲಿನಲ್ಲೇ ಹೋಗುವುದಿಲ್ಲ. ಥಾಯ್ಲೆಂಡಿನ ಸಾಕಾನೆಗಳ ಮೈಯುಷ್ಣತೆ ದಿನದೊಳಗೆ ಒಂದು ಡಿಗ್ರಿಗೂ ತುಸು ಹೆಚ್ಚು ಏರಿಳಿಯುತ್ತದೆ. ಜರ್ಮನಿಯ ಮೃಗಾಲಯದ ಆನೆಗಳಲ್ಲಿ ಏರಿಳಿತ ಅದರ ಅರ್ಧದಷ್ಟು. ಒಂದು ಡಿಗ್ರಿ ಅಲ್ಪವೆನ್ನಬೇಡಿ, ಅಷ್ಟು ದೊಡ್ಡ ಮೈಯಲ್ಲಿ ಅದು ಅಪಾರ ಶಾಖ. ಅದನ್ನು ರಾತ್ರಿಯ ತಂಪಿಗೆ ಬಿಟ್ಟುಕೊಡುತ್ತದೆ. ಬಿಸಿಲಲ್ಲಿ ನಡೆಸಿ ನೋಡಿದ ಪ್ರಯೋಗದಲ್ಲಿ, ನಡಿಗೆಯಿಂದ ಹುಟ್ಟಿದ ಶಾಖದ ಅರ್ಧಕ್ಕೂ ಹೆಚ್ಚು ಪಾಲು ಆನೆಯ ಮೈಯಲ್ಲೇ ಉಳಿಯಿತು. ಆದುದರಿಂದಲೇ ದೂರದ ಓಡಾಟವನ್ನು ಅದು ಸಂಜೆಯ ಮೇಲೆ ಇಟ್ಟುಕೊಳ್ಳುತ್ತದೆ.

ಈಗ ನಿಮ್ಮ ತೋಟದ ಮಾತು. ನೆರಳು ಮರಗಳು, ಪಕ್ಕದಲ್ಲೇ ನೀರಾವರಿ ಕೆರೆ: ಬಿಸಿಲಿನ ಆನೆಗೆ ಇದಕ್ಕಿಂತ ಒಳ್ಳೆಯ ತಾಣ ಸಿಗದು. ಕೆರೆಯಂಚಿನಲ್ಲಿ ಹಸಿ ಕೆಸರು, ಮರದ ಬೊಡ್ಡೆಗೆ ಮೈ ಉಜ್ಜಿದ ಗುರುತು ಕಂಡರೆ ಆಳುಗಳನ್ನು ಆ ಭಾಗಕ್ಕೆ ಕಳಿಸಬೇಡಿ. ನಡುಮಧ್ಯಾಹ್ನ ಪಟಾಕಿ ಹೊಡೆದು ಓಡಿಸಲು ಹೋಗುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಓಡಿ ಬಿಸಿಯಾದ ಆನೆ ದೂರ ಹೋಗಲಾರದು. ಹತ್ತಿರದ ಇನ್ನೊಂದು ನೆರಳಿಗೆ, ಅಂದರೆ ಪಕ್ಕದ ತೋಟದಲ್ಲಿ ಏನೂ ತಿಳಿಯದೆ ಕೆಲಸ ಮಾಡುತ್ತಿರುವವರ ನಡುವೆಯೇ ನುಗ್ಗೀತು. ಅರಣ್ಯ ಇಲಾಖೆಗೂ ಅಕ್ಕಪಕ್ಕದ ತೋಟಗಳಿಗೂ ಕೂಡಲೇ ತಿಳಿಸಿ, ಹಗಲಿನಲ್ಲಿ ಅದನ್ನು ನಿಂತಲ್ಲೇ ಬಿಡಿ. ಕೆರೆಗೆ ಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ. ಸಂಜೆ ಆಳುಗಳನ್ನು ಕತ್ತಲಾಗುವ ಮೊದಲೇ, ಒಟ್ಟಾಗಿ ಮನೆಗೆ ಕಳಿಸಿ.