ಸಮಾರಂಭಕ್ಕೆ ನೊರೆವೈನ್: ಸಾಲೋಟಗಿ ಭಾಗದ ದ್ರಾಕ್ಷಿ ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಇಂಡಿ ತಾಲ್ಲೂಕಿನ ಸಾಲೋಟಗಿಯ ಕ್ರಿ.ಶ. 945ರ ಶಾಸನದಲ್ಲಿ, ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ ಊರವರು ಮದುವೆ, ಮುಂಜಿಗಳ ಸಂದರ್ಭದಲ್ಲಿ ಇಂತಿಷ್ಟು ಕಾಣಿಕೆ ಕೊಡತಕ್ಕದ್ದೆಂದು ಗೊತ್ತುಪಡಿಸಲಾಗಿದೆ. ಶುಭಕಾರ್ಯದ ಖರ್ಚು ಇಂದು ಬೇರೆ ದಾರಿಗಳನ್ನೂ ಹಿಡಿದಿದೆ. ನಮ್ಮ ಹಳ್ಳಿಗಳ ಮದುವೆಯ ಹಂದರದಲ್ಲಿ ಮದ್ಯಕ್ಕೆ ಜಾಗವಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಪುಣೆ, ಬೆಂಗಳೂರುಗಳಲ್ಲಿ ನೌಕರಿಗಿರುವ ಮಕ್ಕಳ ಸಮಾರಂಭಗಳಲ್ಲಿ ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನ್ ಕಾಣತೊಡಗಿದೆ. 'ನಮ್ಮ ದ್ರಾಕ್ಷಿಯಿಂದಲೇ ಇದನ್ನೇಕೆ ಮಾಡಬಾರದು?' ಎಂಬ ಪ್ರಶ್ನೆ ಬೆಳೆಗಾರರಿಗೆ ಬರುವುದು ಸಹಜ.

ಮೊದಲು ಬಾಟಲಿಯ ವಿಚಾರ. ನೊರೆವೈನ್ ಎಲ್ಲವೂ ಶಾಂಪೇನ್ ಅಲ್ಲ. ಫ್ರಾನ್ಸಿನ ಶಾಂಪೇನ್ ಪ್ರಾಂತದಲ್ಲಿ ಅಲ್ಲಿನ ನಿಯಮದಂತೆ ತಯಾರಾದುದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. 2023ರಲ್ಲಿ ಭೌಗೋಳಿಕ ಸೂಚಕ ಪಡೆದ ಇಂಡಿ ಲಿಂಬೆಯ ಹೆಸರನ್ನು ಬೇರೆ ಜಿಲ್ಲೆಯ ಲಿಂಬೆಗೆ ಹಚ್ಚಲಾಗದಲ್ಲ, ಇದೂ ಹಾಗೆಯೇ. ನಮ್ಮ ದೇಶದಲ್ಲಿ 1980ರ ದಶಕದಲ್ಲಿ ಪುಣೆ ಜಿಲ್ಲೆಯ ನಾರಾಯಣಗಾಂವದಲ್ಲಿ 'ಒಮರ್ ಖಯ್ಯಾಮ್' ಎಂಬ ನೊರೆವೈನ್ ತಯಾರಾಗಿ ಹೊರದೇಶಗಳಿಗೂ ಹೋಯಿತು. ಇಂದು ನಾಸಿಕ ಭಾಗವೇ ಇದರ ಮುಖ್ಯ ನೆಲೆ.

ಕೊಳ್ಳುವವರು ಚೀಟಿಯಲ್ಲಿ ಎರಡು ಸಂಗತಿಗಳನ್ನು ನೋಡಬೇಕು. ಮೊದಲನೆಯದು ನೊರೆ ಬಂದ ಬಗೆ. ಉತ್ತಮ ವಿಧಾನದಲ್ಲಿ ಸಿದ್ಧವಾದ ವೈನಿಗೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಹಾಗೂ ಯೀಸ್ಟ್ ಸೇರಿಸಿ, ಬಾಟಲಿಯಲ್ಲಿಯೇ ಎರಡನೆಯ ಸಲ ಹುದುಗಿಸಲಾಗುತ್ತದೆ. ಹೊರಹೋಗಲಾರದ ಅನಿಲ ವೈನಿನಲ್ಲಿಯೇ ಕರಗುತ್ತದೆ. ಇದಕ್ಕೆ ತಿಂಗಳುಗಟ್ಟಲೆ ಕಾಲ ಹಿಡಿಯುವುದರಿಂದ ಬೆಲೆಯೂ ಹೆಚ್ಚು. ದೊಡ್ಡ ಟಾಕಿಯಲ್ಲಿ ಹುದುಗಿಸಿದ್ದು ಅಗ್ಗ, ಹಣ್ಣಿನ ವಾಸನೆ ಚೆನ್ನಾಗಿರುತ್ತದೆ. ಸೋಡಾದಂತೆ ಅನಿಲ ತುಂಬಿದ್ದು ಎಲ್ಲಕ್ಕಿಂತ ಅಗ್ಗ. ಸುರಿದ ಸ್ವಲ್ಪ ಹೊತ್ತಿಗೇ ನೊರೆ ಸತ್ತುಹೋಗುತ್ತದೆ. ಎರಡನೆಯದು ಸಿಹಿ. 'ಬ್ರೂಟ್' ಎಂದಿದ್ದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. 'ಡೆಮಿ ಸೆಕ್' ಎಂದರೆ 32ರಿಂದ 50 ಗ್ರಾಂ. ಹೋಳಿಗೆ ಊಟದ ಜೊತೆ ಬ್ರೂಟ್ ಹುಳಿಯೆನಿಸುತ್ತದೆ, ಕರಿದ ಪದಾರ್ಥಕ್ಕೆ ಅದೇ ಒಳ್ಳೆಯದು. 'ಎಕ್ಸ್‌ಟ್ರಾ ಡ್ರೈ' ಎಂಬುದು ಬ್ರೂಟ್‌ಗಿಂತ ಸಿಹಿ. ಈ ಹೆಸರಿಗೆ ಹಲವರು ಮೋಸಹೋಗುತ್ತಾರೆ.

ಬಾಟಲಿಯೊಳಗಿನ ಒತ್ತಡ ಕಾರಿನ ಗಾಲಿಯ ಒತ್ತಡಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಬಿಸಿಲಲ್ಲಿ ನಿಂತ ವಾಹನದಲ್ಲಿ ಬಿಡಬಾರದು. ಚೆನ್ನಾಗಿ ತಂಪು ಮಾಡಿ, ಯಾರ ಮುಖಕ್ಕೂ ಹಿಡಿಯದೆ, ಬೂಚನ್ನು ಬಿಗಿಹಿಡಿದು ಬಾಟಲಿಯನ್ನು ತಿರುಗಿಸಿ ತೆಗೆಯಬೇಕು. ಕುಲುಕಿ ಹಾರಿಸುವ ಆಟದಲ್ಲಿ ಕಣ್ಣು ಕಳೆದುಕೊಂಡವರಿದ್ದಾರೆ.

ಈಗ ತೋಟದ ಮಾತು. ಮಣೂಕಕ್ಕೆಂದು ಬೆಳೆಸುವ ಥಾಮ್ಸನ್ ಸೀಡ್‌ಲೆಸ್ ಇದಕ್ಕೆ ಒಗ್ಗುವುದಿಲ್ಲ. ಅದರ ಸುವಾಸನೆ ಸಾಲದು, ಮಾಗಿದಂತೆಲ್ಲ ಹುಳಿ ಇಳಿದುಬಿಡುತ್ತದೆ. ನೊರೆವೈನಿಗೆ ಬೇಕಾದುದು ಶೆನಿನ್ ಬ್ಲಾಂಕ್, ಶಾರ್ಡನೆ, ಪಿನೊ ನ್ವಾರ್ ಮುಂತಾದ ತಳಿಗಳು. ಮಣೂಕಕ್ಕೆ 22 ಬ್ರಿಕ್ಸ್ ದಾಟುವವರೆಗೆ ಕಾಯುವ ನಮ್ಮ ರೂಢಿ ಇಲ್ಲಿ ನಡೆಯದು. ಸುಮಾರು 18-19 ಬ್ರಿಕ್ಸ್ ಇದ್ದಾಗಲೇ, ಹುಳಿ ಉಳಿದಿರುವಂತೆಯೇ, ನಸುಕಿನ ತಂಪಿನಲ್ಲಿ ಕೊಯ್ದು ಅದೇ ದಿನ ಕಾರ್ಖಾನೆಗೆ ಮುಟ್ಟಿಸಬೇಕು. ಅಕ್ಟೋಬರ್ ಚಾಟಣಿ ತಡವಾದರೆ ಹಣ್ಣು ಮಾರ್ಚಿಯ ಬಿಸಿಲಿಗೆ ಸಿಕ್ಕಿ ಹುಳಿ ಕಳೆದುಕೊಳ್ಳುತ್ತದೆ.

ಬೇಸಾಯಕ್ಕಿಂತ ದೊಡ್ಡ ತೊಡಕು ಮಾರಾಟದ್ದು. ವೈನ್ ತಳಿಯ ಕಾಯಿ ಸಣ್ಣದು, ಬೀಜವುಳ್ಳದ್ದು. ಕಾರ್ಖಾನೆ ಬೇಡವೆಂದರೆ ಪೇಟೆಯಲ್ಲಿ ಕೊಳ್ಳುವವರಿಲ್ಲ, ಮಣೂಕಕ್ಕೂ ಬಾರದು. 2007ರಲ್ಲಿ ಕರ್ನಾಟಕದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದಾಗ ಆಸೆಗಳು ಬಹಳ ಇದ್ದವು. ಮುಂದೆ 2008-09ರ ಹಿಂಜರಿತದಲ್ಲಿ ಬೇಡಿಕೆ ಕುಸಿದು, ನಾಸಿಕ ಭಾಗದ ಎಷ್ಟೋ ರೈತರು ವೈನ್ ಬಳ್ಳಿಗಳನ್ನು ಬೇರುಸಹಿತ ಕಿತ್ತುಹಾಕಬೇಕಾಯಿತು. ಆದ್ದರಿಂದ ತಳಿ, ಬ್ರಿಕ್ಸ್, ದರ, ಸಾಗಣೆ, ಹಣ ಕೊಡುವ ದಿನ ಇವೆಲ್ಲ ಬರವಣಿಗೆಯಲ್ಲಿರುವ ಹಲವು ವರ್ಷಗಳ ಕರಾರಿಲ್ಲದೆ ಒಂದು ಗುಂಟೆಯನ್ನೂ ಬದಲಿಸಬಾರದೆಂಬುದು ನಮ್ಮ ಅಭಿಪ್ರಾಯ. ಕರಾರಿಗೆ ಮುಂಚೆ ಆ ಕಾರ್ಖಾನೆಗೆ ಹಣ್ಣು ಕೊಡುತ್ತಿರುವ ಇಬ್ಬರು ಮೂವರು ರೈತರ ತೋಟಕ್ಕೆ ಹೋಗಿ, ಹಿಂದಿನ ಹಂಗಾಮಿನ ಹಣ ಕೈಸೇರಿತೇ ಎಂದು ಕೇಳಿ ಬರಬೇಕು. ಪರವಾನಿಗೆಯಿಲ್ಲದೆ ಮನೆಯಲ್ಲಿ ವೈನ್ ಮಾಡಿ ಮಾರುವುದು ಅಬಕಾರಿ ಕಾನೂನಿನಂತೆ ಅಪರಾಧ.