ಹತ್ತಿರದ ಕೋವಿ, ದೂರದ ಕೋವಿ

ಅಮೆರಿಕದ ದನಗಾಹಿಗಳ ಸಾಹಸವನ್ನು ತೋರಿಸುವ ಚಲನಚಿತ್ರಗಳನ್ನು ನೋಡಿದವರಿಗೆ ಒಂದು ಗಿಡ್ಡ ಕೋವಿಯ ಪರಿಚಯ ಇದ್ದೇ ಇರುತ್ತದೆ. ಸವಾರನ ಮೊಣಕಾಲ ಬಳಿ ಜೀನಿಗೆ ತೂಗುಬಿದ್ದ ಚರ್ಮದ ಒರೆಯಿಂದ ಅದು ಹೊರಬರುತ್ತದೆ. ಕುದುರೆ ನಾಗಾಲೋಟದಲ್ಲಿರುವಂತೆಯೇ ಕೋವಿಯ ಕೆಳಗಿನ ಸನ್ನೆಯನ್ನು ಮುಂದಕ್ಕೆ ನೂಕಿ ಹಿಂದಕ್ಕೆ ಎಳೆದಂತೆಲ್ಲ ಗುಂಡಿನ ಮೇಲೆ ಗುಂಡು ಹಾರುತ್ತದೆ. ತೋಟಾ ಎಂದಿಗೂ ಮುಗಿಯದಿರುವುದು ಮಾತ್ರ ಚಿತ್ರ ನಿರ್ಮಾಪಕರ ಕೃಪೆ. ಉಳಿದುದು ಬಹುಮಟ್ಟಿಗೆ ನಿಜ.

ಕುದುರೆಯ ಮೇಲೆ ಹಿಡಿಯಲು ಅನುಕೂಲವಾಗುವಂತೆ ಉದ್ದವನ್ನು ಕಡಮೆ ಮಾಡಿದ ಕೋವಿಗೆ ಕಾರ್ಬೈನ್ ಎಂದು ಹೆಸರು. ಇಂಥವುಗಳಲ್ಲಿ ಹೆಸರಾದದ್ದು ವಿಂಚೆಸ್ಟರ್ ಕಂಪನಿಯ 1873ರ ಮಾದರಿ. ಇಪ್ಪತ್ತು ಅಂಗುಲದ ನಳಿಗೆ. ಅದರ ಅಡಿಯ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿದ ಹನ್ನೆರಡು ತೋಟಾ. ಈ ಕೋವಿಯ ಮರ್ಮವಿರುವುದು ಆ ತೋಟಾದಲ್ಲಿಯೇ. ಅದು ಪಿಸ್ತೂಲಿನ ತೋಟಾದಷ್ಟೇ ಗಿಡ್ಡ. ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪನಿಯವರು ಅದೇ ತೋಟಾ ಹಿಡಿಯುವ ರಿವಾಲ್ವರನ್ನೂ ಮಾರುಕಟ್ಟೆಗೆ ತಂದರು. ಅಂಗಡಿ ಎಂಬುದು ದಿನಗಟ್ಟಲೆ ದಾರಿಯಾಚೆ ಇದ್ದ ಸೀಮೆಯಲ್ಲಿ, ಸೊಂಟದ ಪಟ್ಟಿಗೆ ಕೈಹಾಕಿದರೆ ಸಿಕ್ಕಿದ ತೋಟಾ ರಿವಾಲ್ವರಿಗೂ ಸಲ್ಲುತ್ತದೆ, ಕಾರ್ಬೈನಿಗೂ ಸಲ್ಲುತ್ತದೆ ಎಂದರೆ ಅದು ಸಣ್ಣ ಸೌಲಭ್ಯವಲ್ಲ.

ಹಾಗಾದರೆ ಆ ದೇಶದ ಅಶ್ವದಳ ಇಂಥದೊಂದನ್ನು ಏಕೆ ಕೊಳ್ಳಲಿಲ್ಲ? ಈ ಪ್ರಶ್ನೆಗೆ ಒಂದು ಕಥೆಯೇ ಉಂಟು. ಅದರ ಕೊನೆಯಲ್ಲಿ ಇನ್ನೂರಕ್ಕೂ ಹೆಚ್ಚು ಹೆಣಗಳಿವೆ.

ಮಂಡಲಿಯ ತೀರ್ಪು

1872ರಲ್ಲಿ ಅಮೆರಿಕ ಸರ್ಕಾರ ತನ್ನ ಸೈನ್ಯಕ್ಕೆ ಹೊಸ ಕೋವಿಯನ್ನು ಆರಿಸಲು ಅಧಿಕಾರಿಗಳ ಒಂದು ಮಂಡಲಿಯನ್ನು ನೇಮಿಸಿತು. ಅಧ್ಯಕ್ಷರು ಬ್ರಿಗೇಡಿಯರ್ ಜನರಲ್ ಆಲ್ಫ್ರೆಡ್ ಟೆರಿ. ಸದಸ್ಯರಲ್ಲಿ ಒಬ್ಬರು ಏಳನೆಯ ಅಶ್ವದಳದ ಮೇಜರ್ ಮಾರ್ಕಸ್ ರೀನೋ. ಈ ಎರಡು ಹೆಸರುಗಳನ್ನು ವಾಚಕರು ನೆನಪಿನಲ್ಲಿಡಬೇಕು.

ಸ್ವದೇಶದವೂ ವಿದೇಶದವೂ ಸೇರಿ ಸುಮಾರು ನೂರು ಕೋವಿಗಳು ಮಂಡಲಿಯ ಮುಂದೆ ಬಂದವು. ಅವುಗಳ ಮೇಲೆ ಮರಳುಧೂಳನ್ನು ಸುರಿದರು, ತುಕ್ಕು ಹಿಡಿಸಿದರು, ಬೇಕೆಂದೇ ಕೆಟ್ಟ ತೋಟಾಗಳನ್ನು ಹಾಕಿ ಹಾರಿಸಿದರು. 1873ರಲ್ಲಿ ಮಂಡಲಿ ಆರಿಸಿದುದು ಸರ್ಕಾರಿ ಕಾರ್ಖಾನೆಯ ಸ್ಪ್ರಿಂಗ್‌ಫೀಲ್ಡ್ ಕೋವಿಯನ್ನು. ಪೆಟ್ಟಿಗೆಯ ಮುಚ್ಚಳದಂತೆ ಮೇಲಕ್ಕೆ ತೆರೆಯುವ ಬಾಗಿಲು. ಒಳಗೆ ಒಂದೇ ತೋಟಾ. ಹಾರಿಸಿ, ತೆರೆದು, ಸುಟ್ಟ ಕೊಳವೆಯನ್ನು ಹೊರಹಾಕಿ, ಇನ್ನೊಂದನ್ನು ತುಂಬಿ, ಮುಚ್ಚಿ, ಮತ್ತೆ ಹಾರಿಸಬೇಕು. 1861–65ರ ಅಂತರ್ಯುದ್ಧದಲ್ಲಿ ಏಳು ತೋಟಾಗಳ ಸ್ಪೆನ್ಸರ್ ಕಾರ್ಬೈನನ್ನು ಹಿಡಿದು ಹೋರಾಡಿದ್ದ ಅಶ್ವದಳ ಹೀಗೆ ಮತ್ತೆ ಒಂಟಿ ತೋಟಾಕ್ಕೆ ಮರಳಿತು.

ಮಂಡಲಿಯವರನ್ನು ಮಂದಮತಿಗಳೆಂದು ತಳ್ಳಿಹಾಕುವುದು ಸುಲಭ, ಅದು ನ್ಯಾಯವಲ್ಲ. ಸನ್ನೆಯ ಕೋವಿಗಳ ಯಂತ್ರ ಆ ಕಾಲದಲ್ಲಿ ಉದ್ದವಾದ, ಬಲವಾದ ತೋಟಾವನ್ನು ತಾಳುತ್ತಿರಲಿಲ್ಲ. ವಿಂಚೆಸ್ಟರಿನ ಹೊಸ ತೋಟಾದಲ್ಲಿ ಎರಡೂವರೆ ಗ್ರಾಮಿನಷ್ಟು ಮದ್ದು, ಹದಿಮೂರು ಗ್ರಾಮಿನ ಗುಂಡು; ಹಳೆಯ ಹೆನ್ರಿಯ ಮದ್ದು ಅದಕ್ಕಿಂತಲೂ ಕಡಮೆ. ಸ್ಪ್ರಿಂಗ್‌ಫೀಲ್ಡ್ ಕಾರ್ಬೈನಿನಲ್ಲಿ ಮೂರೂವರೆ ಗ್ರಾಂ ಮದ್ದು, ಇಪ್ಪತ್ತಾರು ಗ್ರಾಮಿನ, ಎಂದರೆ ಎರಡು ತೊಲಕ್ಕೂ ಮೀರಿದ ಸೀಸದ ಗುಂಡು. ಇನ್ನೂರು ಗಜ ದಾಟುವುದರೊಳಗೆ ಹೆನ್ರಿಯ ಗುಂಡು ಬಳಲಿ ಇಳಿಯತೊಡಗುತ್ತದೆ. ಸ್ಪ್ರಿಂಗ್‌ಫೀಲ್ಡಿನದು ಅದರ ಎರಡರಷ್ಟು ದೂರದಲ್ಲಿಯೂ ಕುದುರೆಯನ್ನು ಕೆಡವುತ್ತದೆ. ಬಟಾಬಯಲಿನ ದೇಶಕ್ಕೆ ದೂರದ ಕೋವಿಯೇ ಸರಿ ಎಂದು ಯಾರಿಗಾದರೂ ತೋರುವಂತಿತ್ತು. ಇದಲ್ಲದೆ ಹೊಸ ಸಿಪಾಯಿಯ ಕೈಗೆ ಹನ್ನೆರಡು ತೋಟಾ ಕೊಟ್ಟರೆ ಗುರಿಯಿಡದೆ ಗಾಳಿಗೆ ಹಾರಿಸಿಬಿಡುತ್ತಾನೆಂಬ ಭಯವೂ ಅಂದಿನ ಸೇನಾಧಿಕಾರಿಗಳಿಗಿತ್ತು. ಆದರೂ ಹಲವು ತೋಟಾಗಳ ಕೋವಿ ಎಲ್ಲ ದೇಶಗಳ ಸೈನ್ಯಕ್ಕೂ ಬಂದೇ ಬರುತ್ತದೆ, ಕಾಲ ಕೂಡಿಬರಬೇಕಷ್ಟೆ ಎಂದು ಮಂಡಲಿ ತನ್ನ ವರದಿಯಲ್ಲಿಯೇ ಹೇಳಿತ್ತು. ಬರುವುದು ಗೊತ್ತಿತ್ತು, ಬರಮಾಡಿಕೊಳ್ಳಲಿಲ್ಲ.

ಯಾವ ಪರೀಕ್ಷಾಂಗಣವೂ ಹೇಳಲಾರದ ಸಂಗತಿ ಒಂದಿತ್ತು: ನಾಳೆ ಶತ್ರು ಎಷ್ಟು ದೂರದಲ್ಲಿ ನಿಂತಿರುತ್ತಾನೆಂಬುದು.

ಹುಲ್ಲಿನ ದಿಣ್ಣೆಯ ಮೇಲೆ

ಬ್ಲ್ಯಾಕ್ ಹಿಲ್ಸ್ ಗುಡ್ಡಗಳ ಸೀಮೆ ಲಕೋಟ ಜನರಿಗೆ ಸೇರಿದ್ದೆಂದು ಅಮೆರಿಕ ಸರ್ಕಾರ 1868ರ ಒಪ್ಪಂದದಲ್ಲಿ ಮಾತು ಕೊಟ್ಟಿತ್ತು. 1874ರಲ್ಲಿ ಅಲ್ಲಿ ಚಿನ್ನ ಕಂಡಿತು, ಮಾತು ಮರೆಯಿತು. ಚಿನ್ನ ಕಂಡ ದಂಡಯಾತ್ರೆಯ ನಾಯಕ ಏಳನೆಯ ಅಶ್ವದಳದ ಕಸ್ಟರ್. ಎರಡು ವರ್ಷಗಳ ಮೇಲೆ, ತಮ್ಮ ಬೇಟೆಯ ನಾಡನ್ನು ಬಿಟ್ಟುಬರಲೊಪ್ಪದ ಲಕೋಟ ಮತ್ತು ಷೆಯೆನ್ ಜನರನ್ನು ಹಿಡಿತರಲು ಹೊರಟ ದಂಡಿನ ಮುಂಚೂಣಿಯಲ್ಲಿಯೂ ಆತನೇ ಇದ್ದ. ದಂಡಿನ ಮೇಲಧಿಕಾರಿ ಜನರಲ್ ಟೆರಿ. ಕಸ್ಟರನ ಕೈಕೆಳಗಿನ ಎರಡನೆಯ ಅಧಿಕಾರಿ ಮೇಜರ್ ರೀನೋ.

1876ರ ಜೂನ್ 25ರಂದು ಈಗಿನ ಮೊಂಟಾನ ರಾಜ್ಯದ ಲಿಟ್ಲ್ ಬಿಗ್ ಹಾರ್ನ್ ನದಿಯ ದಡದಲ್ಲಿ ಕಸ್ಟರ್ ತನ್ನ ದಳವನ್ನು ಹಂಚಿ, ಆ ಜನರ ದೊಡ್ಡ ಬೀಡಿನ ಮೇಲೆ ಬಿದ್ದ. ಪ್ರತಿ ಸವಾರನ ಪಾಲಿಗೆ ಕಾರ್ಬೈನಿನ ನೂರು ತೋಟಾ, ರಿವಾಲ್ವರಿನ ಇಪ್ಪತ್ತನಾಲ್ಕು. ಒಂದರದು ಇನ್ನೊಂದಕ್ಕೆ ಸಲ್ಲದು. ಎದುರಾದವರು ಸಾವಿರದೈನೂರಕ್ಕೆ ಕಡಮೆಯಿಲ್ಲವೆಂದು ಹೆಚ್ಚಿನ ಇತಿಹಾಸಕಾರರ ಅಂದಾಜು. ಬಹುಮಂದಿಯ ಕೈಯಲ್ಲಿ ಬಿಲ್ಲುಬಾಣ. ಕೆಲವರ ಕೈಯಲ್ಲಿ ಹಳೆಯ ಮದ್ದುಗೋವಿ. ಮತ್ತೆ ಕೆಲವರ ಕೈಯಲ್ಲಿ, ವ್ಯಾಪಾರಿಗಳಿಂದ ಪಡೆದ ಹೆನ್ರಿ ಮತ್ತು ವಿಂಚೆಸ್ಟರ್.

ಆ ದಿಣ್ಣೆಗಳು ದೂರಕ್ಕೆ ಬಟಾಬಯಲಿನಂತೆ ಕಂಡರೂ ಹತ್ತಿರ ಹೋದರೆ ಕೊರಕಲು, ಹಳ್ಳ, ಪೊದೆ. ಕುದುರೆಯಿಳಿದ ಯೋಧರು ಅವುಗಳ ಮರೆಯಲ್ಲಿ ತೆವಳುತ್ತ ಹತ್ತಿರ ಬಂದರು. ದೂರದ ಕೋವಿಗೆ ದೂರವೇ ಸಿಕ್ಕಲಿಲ್ಲ. ಕಸ್ಟರನೂ ಆತನೊಡನಿದ್ದ ಐದು ತುಕಡಿಗಳ ಇನ್ನೂರಕ್ಕೂ ಹೆಚ್ಚು ಮಂದಿಯೂ ಅಲ್ಲಿಯೇ ಬಿದ್ದರು, ಒಬ್ಬನೂ ಉಳಿಯಲಿಲ್ಲ. ನಾಲ್ಕು ಮೈಲಿ ಆಚೆಯ ಗುಡ್ಡದ ಮೇಲೆ ರೀನೋ ಮತ್ತು ಕ್ಯಾಪ್ಟನ್ ಬೆಂಟೀನರ ಜನ ಮರುದಿನದವರೆಗೂ ಕಾದಾಡಿ ಜೀವ ಉಳಿಸಿಕೊಂಡರು. ಜೂನ್ 27ರಂದು ಟೆರಿಯ ಪಡೆ ಬಂದಾಗ ದಿಣ್ಣೆಯ ಮೇಲೆ ಕಂಡುದು ಹೆಣಗಳು. ಆ ಸತ್ತವರ ಕಾರ್ಬೈನನ್ನು ಆರಿಸಿದ ಮಂಡಲಿಯ ಅಧ್ಯಕ್ಷರು ಆ ಹುಲ್ಲಿನಲ್ಲಿ ನಿಂತಿದ್ದರು.

ಕೋವಿಯೇ ಕೈಕೊಟ್ಟಿತೆಂಬ ಮಾತು ಅಲ್ಲಿಂದಲೇ ಹುಟ್ಟಿತು. ತಾಮ್ರದ ತೋಟಾಗಳು ಚರ್ಮದ ಪಟ್ಟಿಯಲ್ಲಿ ಕಿಲುಬು ಹಿಡಿಯುತ್ತಿದ್ದವು. ಕಾದ ನಳಿಗೆಯಲ್ಲಿ ಕಚ್ಚಿಕೊಂಡರೆ ಚಾಕುವಿನಿಂದ ಮೀಟಬೇಕಾಗುತ್ತಿತ್ತು. ಮಂಡಲಿಯಲ್ಲಿ ಕುಳಿತಿದ್ದ ರೀನೋ, ಅದೇ ಜುಲೈನಲ್ಲಿ ಆಯುಧ ಇಲಾಖೆಯ ಮುಖ್ಯಸ್ಥರಿಗೆ ಈ ಕುರಿತು ದೂರು ಬರೆದರು. ಆದರೆ ಅವರೇ ಕೊಟ್ಟ ಲೆಕ್ಕ ನೋಡಿ: 380 ಕಾರ್ಬೈನುಗಳಲ್ಲಿ ಕೆಟ್ಟುನಿಂತವು ಆರು.

ಸುಮಾರು ನೂರು ವರ್ಷಗಳ ತರುವಾಯ ಸಾಕ್ಷ್ಯ ನೆಲದಿಂದಲೇ ಬಂದಿತು. 1983ರ ಆಗಸ್ಟಿನಲ್ಲಿ ಕಾಳ್ಗಿಚ್ಚು ಆ ದಿಣ್ಣೆಗಳ ಹುಲ್ಲನ್ನೆಲ್ಲ ಸುಟ್ಟಿತು. ಬೋಳಾದ ನೆಲದ ಮೇಲೆ ಮುಂದಿನ ಎರಡು ಬೇಸಗೆಗಳಲ್ಲಿ ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಮೊದಲಾದ ಪುರಾತತ್ತ್ವಜ್ಞರು ಲೋಹಶೋಧಕ ಯಂತ್ರ ಹಿಡಿದು ನಡೆದರು. ಪ್ರತಿಯೊಂದು ಕೋವಿಯ ಸೂಜಿಯೂ ತೋಟಾದ ತಳದಲ್ಲಿ ತನ್ನದೇ ಗುರುತನ್ನು ಒತ್ತುತ್ತದೆ, ಮನುಷ್ಯನ ಬೆರಳಚ್ಚಿನಂತೆ. ಆ ಗುರುತುಗಳನ್ನು ಹೋಲಿಸಿ, ಒಂದೊಂದು ಕೋವಿ ಎಲ್ಲಿಂದ ಎಲ್ಲಿಗೆ ನಡೆಯಿತೆಂಬುದನ್ನು ಅವರು ಹೆಜ್ಜೆಹೆಜ್ಜೆಯಾಗಿ ಬಿಡಿಸಿದರು. ಮೂಲನಿವಾಸಿಗಳ ಕೈಯಲ್ಲಿ ನಲವತ್ತಕ್ಕೂ ಹೆಚ್ಚು ಬಗೆಯ ಬಂದೂಕುಗಳಿದ್ದವು. ಒಂದು ದಿಣ್ಣೆಯ ಸೆರಗಿನಲ್ಲಂತೂ ಹೆನ್ರಿಯ ತೋಟಾಗಳು ಎಷ್ಟು ಸಿಕ್ಕಿದವೆಂದರೆ, ಆ ಸ್ಥಳಕ್ಕೆ ‘ಹೆನ್ರಿವಿಲ್’ ಎಂದೇ ಹೆಸರಿಟ್ಟರು, ಹೆನ್ರಿಯ ಹಳ್ಳಿ! ಇತ್ತ ಸಿಪಾಯಿಗಳ ಸುಟ್ಟ ತೋಟಾಗಳಲ್ಲಿ ಚಾಕುವಿನಿಂದ ಮೀಟಿದ ಗಾಯವಿದ್ದವು ನೂರಕ್ಕೆ ಮೂರರ ಆಸುಪಾಸು ಮಾತ್ರ. ಕಾರ್ಬೈನ್ ಕೆಟ್ಟದ್ದರಿಂದ ಅವರು ಸೋತರೆಂಬ ಕಥೆ ಅಲ್ಲಿಗೆ ಮುಗಿಯಿತೆನ್ನಬೇಕು. ಹಂಚಿಹೋದ ದಳ, ಎದುರಾಳಿಗಳ ಸಂಖ್ಯೆ, ತಮ್ಮ ಮನೆಮಕ್ಕಳಿಗಾಗಿ ಹೋರಾಡಿದವರ ಆವೇಶ, ಇವು ಮೊದಲ ಕಾರಣಗಳು. ಕೋವಿ ಮಾಡಿದ ಅಪರಾಧ ಬೇರೆ: ಅದು ಚೆನ್ನಾಗಿಯೇ ಕೆಲಸ ಮಾಡಿತು, ಆದರೆ ಬೇರೊಂದು ಕಾಳಗಕ್ಕೆಂದು ಆರಿಸಿದ ಕೋವಿಯಾಗಿತ್ತು.

ಮರುವರ್ಷವೇ ಇದಕ್ಕೊಂದು ಉತ್ತರ ಯೂರೋಪಿನಿಂದ ಬಂದಿತು. ತುರ್ಕರು 1870–71ರಲ್ಲಿ ವಿಂಚೆಸ್ಟರ್ ಕಂಪನಿಯಿಂದ ಐವತ್ತು ಸಾವಿರ ಕೋವಿಗಳನ್ನು ಕೊಂಡಿದ್ದರು. 1877ರ ಜುಲೈ 30ರಂದು ಬಲ್ಗೇರಿಯದ ಪ್ಲೆವ್ನಾದಲ್ಲಿ ಓಸ್ಮಾನ್ ಪಾಷಾನ ಪಡೆ ರಷ್ಯನ್ನರನ್ನು ದೂರದಲ್ಲಿರುವಾಗ ಒಂಟಿ ತೋಟಾದ ಪೀಬಾಡಿ–ಮಾರ್ಟಿನಿಯಿಂದ ಹೊಡೆಯಿತು. ಕಂದಕದ ಹತ್ತಿರ ಬಂದಾಗ ಅದನ್ನು ಕೆಳಗಿಟ್ಟು, ಗಿಡ್ಡ ತೋಟಾದ ವಿಂಚೆಸ್ಟರನ್ನು ಕೈಗೆತ್ತಿಕೊಂಡಿತು. ಆ ದಿನ ಸತ್ತು ಗಾಯಗೊಂಡ ರಷ್ಯನ್ನರು ಏಳು ಸಾವಿರಕ್ಕೂ ಹೆಚ್ಚು. ಆದರೆ ಕಂದಕದಲ್ಲಿ ಕುಳಿತವನಿಗೆ ಎರಡು ಕೋವಿ ಸಾಧ್ಯ. ಜೀನಿನ ಮೇಲೆ ಕುಳಿತವನಿಗೆ ಅದು ಹೊರೆ.

ಅಮೆರಿಕದ ಸೈನ್ಯ 1877ರಲ್ಲಿ ಕಾರ್ಬೈನಿನ ಹಿಡಿಯೊಳಗೆ ನಳಿಗೆ ಶುದ್ಧಿ ಮಾಡುವ ಕಡ್ಡಿಗೆ ಗೂಡು ಕೊರೆಯಿತು. ಮುಂದೆ ತಾಮ್ರದ ತೋಟಾ ಹೋಗಿ ಹಿತ್ತಾಳೆಯದು ಬಂದಿತು. ಹಲವು ತೋಟಾಗಳ ಕೋವಿಯನ್ನು ಇಡೀ ಸೈನ್ಯಕ್ಕೆಂದು ಒಪ್ಪಿಕೊಂಡುದು 1892ರಲ್ಲಿ. ಆ ಹೊತ್ತಿಗೆ ಟೆರಿಯೂ ಬದುಕಿರಲಿಲ್ಲ, ರೀನೋ ಕೂಡ ಇರಲಿಲ್ಲ.

ಕಸ್ಟರನನ್ನು ಗೆದ್ದ ಜನ ಗೆಲವನ್ನು ಉಣ್ಣಲಿಲ್ಲ. ಅವರ ಹಿರಿಯ ಸಿಟ್ಟಿಂಗ್ ಬುಲ್ ಕೆನಡಾಕ್ಕೆ ವಲಸೆ ಹೋದ. ಅಲ್ಲಿ ಹಸಿವು ಬೆನ್ನಟ್ಟಿತು. 1881ರ ಜುಲೈನಲ್ಲಿ ಆತ ಫೋರ್ಟ್ ಬ್ಯೂಫರ್ಡ್ ಠಾಣೆಗೆ ಬಂದು ಶರಣಾದ. ತನ್ನ ಕಾರ್ಬೈನನ್ನು ಅಧಿಕಾರಿಗೆ ತಾನೇ ಕೊಡಲಿಲ್ಲ; ಪುಟ್ಟ ಮಗನ ಕೈಯಲ್ಲಿ ಕೊಡಿಸಿದ. ಅದು 1866ರ ವಿಂಚೆಸ್ಟರ್, ಗಿಡ್ಡ ತೋಟಾದ್ದು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿ ಅದು ಇಂದಿಗೂ ಇದೆ.